ಸೋಡಾ ಹಾಕದ ಬೇಳೆ

ಸೇಡಂ ಬಸ್ ನಿಲ್ದಾಣದ ಎದುರಿನ ಗಲ್ಲಿಯಲ್ಲಿ ನನ್ನ ಖಾನಾವಳಿ ಇದೆ. ಅತ್ತೆ ಶುರು ಮಾಡಿದ್ದು, ಅವರ ನಂತರ ನಾನು ನಡೆಸುತ್ತಿದ್ದೇನೆ. ಜೋಳದ ರೊಟ್ಟಿ, ಗಟ್ಟಿ ಬೇಳೆ, ಪುಂಡಿಪಲ್ಯ, ಶೇಂಗಾ ಹಿಂಡಿ. ಇಷ್ಟೇ. ಬೇರೆ ಬೇಕಾದವರು ಬೇರೆ ಕಡೆ ಹೋಗಬಹುದು ಎಂದು ಮುಖದ ಮೇಲೆಯೇ ಹೇಳುತ್ತೇನೆ. ನನ್ನದು ಬೊಂಬಾಯಿ ಬಾಯಿ ಎಂದು ಊಟಕ್ಕೆ ಬರುವ ಕಂಡಕ್ಟರುಗಳಿಗೆ, ಮಾರ್ಕೆಟ್ಟಿನ ಹಮಾಲರಿಗೆ ಎಲ್ಲರಿಗೂ ಗೊತ್ತು. ಆದರೂ ಬರುತ್ತಾರೆ.

ನನ್ನ ಗಂಡನ ತಂಗಿಯನ್ನು ಆಡಕಿಗೆ ಕೊಟ್ಟಿದೆ. ಎರಡೂವರೆ ಎಕರೆ ಕರಿ ಹೊಲ, ಅದರ ತುಂಬ ತೊಗರಿ. ರಾಶಿ ಮುಗಿದ ವಾರವೇ ಚೀಲಗಳು ಅಡತಿ ಅಂಗಡಿಗೆ, ಅಂದರೆ ದಲ್ಲಾಳಿಯ ಕಟ್ಟೆಗೆ ಹೋಗುತ್ತಿದ್ದವು. ಅಲ್ಲಿಂದ ಮಿಲ್ಲಿಗೆ, ಮಿಲ್ಲಿನಿಂದ ಮಿರಿಮಿರಿ ಮಿಂಚುವ ಪಾಕೀಟಿನಲ್ಲಿ ಕಿರಾಣಿ ಅಂಗಡಿಗೆ. ಮಳೆಗಾಲದಲ್ಲಿ ಅದನ್ನೇ ಇವರು ಕೊಂಡು ತರುವುದು. "ನಮ್ಮ ಹೊಲದ ತೊಗರಿ ನಮ್ಮ ಮನಿಗೇ ಬೀಗರ ಹಂಗ ಬರತದ ನೋಡ್ರಿ ವೈನಿ," ಎಂದು ನಾದಿನಿ ನಗುತ್ತಿದ್ದಳು. ಆ ನಗುವಿನಲ್ಲಿ ಸಿಟ್ಟೂ ಇತ್ತು.

ಈ ಸಲ ಆಕೆ ಓಣಿಯ ಐವರು ಹೆಂಗಸರನ್ನು ಕೂಡಿಸಿದಳು. ಎಲ್ಲರದೂ ಎರಡು ಮೂರು ಎಕರೆಯ ಬಾಳೇ. ತೊಗರಿಗೆ ಕೆಮ್ಮಣ್ಣು ಹಚ್ಚಿ, ಬಿಸಿಲಿಗೆ ಒಣಗಿಸಿ, ಬೀಸುವ ಕಲ್ಲಿನಲ್ಲಿ ಒಡೆದು ಬೇಳೆ ಮಾಡಿದರು. ಹೊಟ್ಟು ಎಮ್ಮೆಗಳಿಗಾಯಿತು. ಆದರೆ ಬೇಳೆ ಕೊಳ್ಳುವವರು ಯಾರು? "ನಮ್ಮ ವೈನಿ ಅದಾರ" ಎಂದು ಆಕೆ ನನ್ನ ಹೆಸರಿನ ಮೇಲೆ ಧೈರ್ಯ ಹೇಳಿದ್ದಳು. ಇತ್ತ ಐವರ ಗಂಡಂದಿರು ಗೊಣಗಲು ಶುರು ಮಾಡಿದ್ದರು. ಇದೆಲ್ಲ ಯಾಕೆ, ಉಳಿದ ತೊಗರಿಯನ್ನು ಅಡತಿಗೆ ಹಾಕಿ ಕೈ ತೊಳೆದುಕೊಳ್ಳಿರಿ ಎನ್ನುತ್ತಿದ್ದರು.

ನಾನು ಸುಲಭಕ್ಕೆ ಒಪ್ಪುವವಳಲ್ಲ. "ಒಂದು ದಿನ ಮಾಡಿ ನೋಡತೀನಿ. ಮಂದಿ ಮನಸಾರೆ ಉಂಡರ ವರ್ಷಪೂರ್ತಿ ನಿಮ್ಮದೇ ಬ್ಯಾಳಿ. ಇಲ್ಲಂದ್ರ ನಾದಿನಿ ಅಂತ ನಾ ನೋಡಂಗಿಲ್ಲ" ಎಂದೆ. ಆಕೆ ಬೇಳೆಯ ಚೀಲವನ್ನು ಅಡುಗೆಮನೆಯಲ್ಲಿಟ್ಟು, ನಾನು ಡಬ್ಬಿಯಿಂದ ಚಿಟಿಕೆ ಸೋಡಾ ತೆಗೆಯುವುದನ್ನು ನೋಡಿದಳು. ಮುಖ ಸಿಂಡರಿಸಿದಳು. "ಅಯ್ಯ, ಸೋಡಾ ಹಾಕಬ್ಯಾಡ್ರಿ. ಅದು ಮಿಲ್ಲಿನ ಬ್ಯಾಳಿಗಿ. ನಮ್ಮದು ಎರಡು ಕುದಿಗಿ ಬೆಣ್ಣಿ ಆಗತದ!" ಎಂದು ಹೇಳಿ ಬಸ್ಸು ಹತ್ತಿ ಹೋದಳು.

ಮರುದಿನ ನಾನು ಸೋಡಾ ಹಾಕಲಿಲ್ಲ. ದೊಡ್ಡ ಡಬರಿಯಲ್ಲಿ ಬೇಳೆ ಏರಿಸಿದೆ. ಹತ್ತು ಗಂಟೆಗೆ ನೋಡಿದರೆ ಕಾಳು ಕಾಳು. ಹನ್ನೊಂದಕ್ಕೆ ನೋಡಿದರೂ ಕಾಳು ಕಾಳು. ಉರಿ ಹೆಚ್ಚಿಸಿದೆ, ಮುಚ್ಚಳದ ಮೇಲೆ ಕಲ್ಲು ಹೇರಿದೆ, ಬಾಯಿಗೆ ಬಂದ ದೇವರನ್ನೆಲ್ಲ ಕರೆದೆ. ಹನ್ನೆರಡೂವರೆಗೆ ಕಲಬುರಗಿ ಬಸ್ಸಿನ ಕಂಡಕ್ಟರು ಬಂದು ಕುಳಿತು ಮೊದಲ ತುತ್ತು ಬಾಯಿಗಿಟ್ಟ. ನಿಧಾನ ಅಗಿದ. "ಅಕ್ಕೋರೆ, ಬ್ಯಾಳಿ ಮಾಡೀರೋ, ಉಸುಳಿ ಮಾಡೀರೋ?" ಎಂದ. ಹಮಾಲರು ಹೋ ಎಂದು ನಕ್ಕರು. ಒಬ್ಬನಂತೂ ತಟ್ಟೆಯ ಅಂಚಿಗೆ ಕಾಳುಗಳನ್ನು ಸಾಲಾಗಿ ಇಟ್ಟು ತೋರಿಸಿದ.

ನನ್ನ ಮೈಯೆಲ್ಲ ಉರಿದುಹೋಯಿತು. ಅವರ ಎದುರಿಗೇ ಆಡಕಿಗೆ ಫೋನ್ ಹಚ್ಚಿದೆ. "ಏನ ಬ್ಯಾಳಿ ಕೊಟ್ಟೀಯವ್ವಾ ತಾಯಿ! ಹಳೇ ತೊಗರಿ ಒಡದು ನನ್ನ ಕೊರಳಿಗಿ ಕಟ್ಟೀದೇನು? ಇಷ್ಟು ವರ್ಷದ ಖಾನಾವಳಿ ಮರ್ಯಾದಿ ಇವತ್ತ ಬೀದಿಗಿ ಬಂತು. ನಾಳಿಗಿ ಬಂದು ನಿನ್ನ ಚೀಲ ಒಯ್ಯಿ. ಉಳಿದಿದ್ದು ಅಡತಿಗಿ ಹಾಕಿ ಸುಮ್ಮ ಕುಂದ್ರು!" ಆಕೆ ವಾದ ಮಾಡಲಿಲ್ಲ. "ಆತ್ರಿ ವೈನಿ" ಎಂದಳು, ಅಷ್ಟೇ. ವಾದ ಮಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಅವತ್ತು ನನ್ನ ಗಂಡ ದವಡೆಯ ಹಲ್ಲು ಕೀಳಿಸಿಕೊಂಡು ಬಂದಿದ್ದರು. ಸಂಜೆಗೆ ಮೆತ್ತಗೆ ಏನಾದರೂ ಬೇಕಿತ್ತು. ಮನೆಯಲ್ಲಿ ಬೇರೆ ಬೇಳೆ ಮುಗಿದಿತ್ತು, ಆ ದರಿದ್ರ ಚೀಲವೇ ಗತಿ. ಕರೆಂಟು ಹೋಗಿ ಬೋರಿನ ಮೋಟಾರು ಬಂದ್ ಆಗಿತ್ತು. ಗೊಣಗುತ್ತಲೇ, ಗಿರಾಕಿಗಳಿಗೆ ಕುಡಿಯಲು ತರಿಸುವ ಫಿಲ್ಟರ್ ನೀರಿನ ಕ್ಯಾನಿನಿಂದ ಎರಡು ಚೆಂಬು ಸುರಿದು, ಒಂದು ಹಿಡಿ ಬೇಳೆ ಒಲೆಯ ಮೇಲಿಟ್ಟೆ. ಬೇಯುವುದಿಲ್ಲ ಎಂದೇ ಇಟ್ಟದ್ದು. ಉಳ್ಳಾಗಡ್ಡಿ ಹೆಚ್ಚಿ ಮುಗಿಸಿ ಸೌಟು ಹಾಕಿದರೆ, ಬೇಳೆ ಎಲ್ಲಿದೆ? ಕರಗಿ ಗಂಜಿಯಾಗಿದೆ. ಘಮ ಎಂದರೆ ಘಮ. ತವರಿನಲ್ಲಿ ಅವ್ವ ಕೈಗಿಡುತ್ತಿದ್ದ ತುಪ್ಪದನ್ನದ ನೆನಪು ಬಂತು.

ಗಂಡ ಒಂದು ಚಮಚ ಉಂಡು ನನ್ನನ್ನೇ ನೋಡಿದರು. "ಮಧ್ಯಾಹ್ನ ನೀ ಬೈದಿದ್ದು ಇದೇ ಬ್ಯಾಳಿಗೇನು?"

"ಹೂಂ."

"ಕುಣೀಲಾಕ ಬಾರದಾಕಿ ನೆಲ ಡೊಂಕ ಅಂದಳಂತ," ಎಂದರು. ಬಾತ ಗಲ್ಲ ಹಿಡಿದುಕೊಂಡೂ ನಗು ಬಿಡಲಿಲ್ಲ. ಬೈಸಿಕೊಂಡವಳು ಅವರ ತಂಗಿಯಲ್ಲವೇ.

ಆಗ ನೆನಪಾಯಿತು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಹೇಳಿದ್ದರು: "ನಮ್ಮದು ಹಾಸುಗಲ್ಲಿನ ನೆಲ, ನೀರು ಸವುಳು. ಚಿಟಿಕಿ ಸೋಡಾ ಬಿದ್ರೇ ಬ್ಯಾಳಿ ಬೇಯ್ತದ." ಕೊಡದ ಒಳಗೆ ಕಟ್ಟುವ ಬಿಳಿ ಪೊರೆಯನ್ನು ವಾರಕ್ಕೊಮ್ಮೆ ತಿಕ್ಕಿ ತಿಕ್ಕಿ ನನ್ನ ಉಗುರು ಸವೆದಿವೆ. ಆದರೂ ಸೋಡಾ ನೀರಿಗಾಗಿ ಹಾಕುವುದು ಎಂಬುದೇ ಮರೆತುಹೋಗಿತ್ತು. ಕೈ ತಾನಾಗಿ ಡಬ್ಬಿಗೆ ಹೋಗುತ್ತಿತ್ತು. ಆಕೆಯ ಓಣಿಯ ಬಾವಿ ಸಿಹಿನೀರಿನದು. ನೀರಿನ ಗುಣವನ್ನು ಆಕೆ ಬೇಳೆಯ ಗುಣ ಎಂದುಕೊಂಡಿದ್ದಳು, ನೀರಿನ ತಪ್ಪನ್ನು ನಾನು ಬೇಳೆಯ ತಪ್ಪು ಎಂದೆ. ಆಕೆಯ ತಪ್ಪಿನಿಂದ ಯಾರಿಗೂ ನೋವಾಗಿರಲಿಲ್ಲ.

ಕೂಡಲೇ ಫೋನ್ ಹಚ್ಚಿದೆ. ಸ್ವಿಚ್ ಆಫ್. ಮತ್ತೆ ಹಚ್ಚಿದೆ, ಅದೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನ ಮಾತು ಕೇಳಿ ಆಕೆ ಸೋತು ಕುಳಿತರೆ ಉಳಿದ ಐವರೂ ಕಲ್ಲು ಮೂಲೆಗಿಟ್ಟು ಚೀಲ ಕಟ್ಟುತ್ತಾರೆ. ಒಮ್ಮೆ ಅಡತಿಯ ಕಟ್ಟೆಗೆ ಬಿದ್ದ ತೊಗರಿ ವಾಪಸು ಬರುವುದಿಲ್ಲ.

ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟೆ. ಗಡಿಬಿಡಿಯಲ್ಲಿ ಆಧಾರ್ ಕಾರ್ಡು ಮರೆತಿದ್ದೆ. ಬೇರೆ ದಿನವಾಗಿದ್ದರೆ ಪುಕ್ಕಟೆ ಟಿಕೆಟ್ಟಿಗಾಗಿ ಆಡಕಿ ಬರುವತನಕ ಜಗಳ ತೆಗೆಯುತ್ತಿದ್ದೆ. ಅವತ್ತು ಬಾಯಿ ಮುಚ್ಚಿಕೊಂಡು ಟಿಕೆಟ್ಟು ತೆಗೆಸಿದೆ.

ಊರ ಒಳಗೆ ಕಾಲಿಟ್ಟರೆ, ನಾದಿನಿಯ ಮನೆಯ ಮುಂದೆ ಟಂಟಂ ಆಟೋ ನಿಂತಿದೆ. ಹೆಂಗಸರು ಸಾಲಾಗಿ ನಿಂತು ಚೀಲ ಏರಿಸುತ್ತಿದ್ದಾರೆ. "ಏ ನಿಂದ್ರಸ್ರೀ! ಒಂದು ಚೀಲಾನೂ ಹೋಗಬಾರದು!" ಎಂದು ಓಣಿಯೇ ಎದ್ದು ಕೂರುವಂತೆ ಕೂಗುತ್ತ ಓಡಿದೆ. ಒಬ್ಬಾಕೆ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು. "ನೀವೇ ಬಂದ್ರೇನ್ರಿ ಅಕ್ಕಾ? ನಿಮ್ಮ ಕಡೀಗೇ ಹೊಂಟಿದ್ವಿ. ಇನ್ನೂ ಎರಡು ಚೀಲ ಬ್ಯಾಳಿ ಬೇಕು ಅಂದೀರಂತಲ್ಲ?"

ನಾನು ಬಾಯಿ ತೆರೆದೆ. ಚೀಲದ ಹಿಂದಿನಿಂದ ನಾದಿನಿ ಬಂದು ನನ್ನ ಕೈ ಹಿಡಿದು ಗಟ್ಟಿಯಾಗಿ ಅದುಮಿದಳು. ಕಣ್ಣು ಕೆಂಪಗಾಗಿದ್ದವು. ನಾನು ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡೆ. "ಹೂಂ, ಬೇಕು. ಲಗೂ ಏರಸ್ರಿ" ಎಂದೆ.

ಒಳಗೆ ಹೋದ ಮೇಲೆ ಆಕೆ ಹೇಳಿದಳು: "ಅವರಿಗಿ ಖರೇ ಹ್ಯಾಂಗ ಹೇಳಲಿ ವೈನಿ? ಒಬ್ಬಾಕಿ ಅಂಜಿದ್ರ ಎಲ್ಲಾರೂ ಅಂಜತಾರ. ನಿಮ್ಮ ಬಾಗಲದಾಗೇ ಒಲಿ ಹೂಡಿ, ಬೇಸಿ ತೋರಸಾಣ ಅಂತ ಹೊಂಟಿದ್ದೆ." ಮೂಲೆಯಲ್ಲಿ ಡಬರಿ, ಕಟ್ಟಿಗೆ ಕಟ್ಟು, ಬಾವಿ ನೀರಿನ ಒಂದು ಕೊಡ ಸಜ್ಜಾಗಿದ್ದವು.

"ನೀರು ಯಾಕ?"

"ನಿಮ್ಮ ಅಡಗಿಮನ್ಯಾಗ ಕಾಲಿಡಾಕ ಕೊಡತೀರೋ ಇಲ್ಲೋ ಅಂತ."

ನಾನು ಬೋರಿನ ಕಥೆ, ಕ್ಯಾನಿನ ಕಥೆ ಎಲ್ಲ ಹೇಳಿದೆ. ನನ್ನ ತಪ್ಪಾಯಿತು ಎಂದೂ ಹೇಳಿದೆ. ಆ ಮಾತು ನನ್ನ ಬಾಯಿಂದ ಬಂದದ್ದು ಕೇಳಿ ಆಕೆಗೇ ಗಾಬರಿ. ಆಮೇಲೆ ಹಣೆ ಹಣೆ ಬಡಿದುಕೊಂಡಳು. "ಅಯ್ಯ ನನ್ನ ಶಿವನೇ, ಸೋಡಾ ಬ್ಯಾಡ ಅಂದಾಕಿ ನಾನೇ ಅಲ್ಲ!" ಇಬ್ಬರೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆವು. ನಗುನಗುತ್ತ ನನಗೆ ಅಳು ಬಂತು. ಎದೆಯ ಮೇಲಿನ ಬೀಸುಕಲ್ಲು ಇಳಿಸಿಟ್ಟಷ್ಟು ಹಗುರವಾಯಿತು.

ಟಂಟಂನಲ್ಲಿ ಚೀಲಗಳ ನಡುವೆ ಕುಳಿತು ಇಬ್ಬರೂ ಸೇಡಂಗೆ ಬಂದೆವು. ನನ್ನ ಬೋರಿನ ನೀರಿಗೇ, ಆಕೆಯ ಎದುರಿಗೇ, ಚಿಟಿಕೆ ಸೋಡಾ ಹಾಕಿದೆ. ಡಬ್ಬಿಯನ್ನು ಆಕೆಯೇ ಮುಚ್ಚಿಟ್ಟಳು. ಬೇಳೆ ಅರಳಿ ಬೆಂದಿತು. ಹನ್ನೆರಡೂವರೆಗೆ ಅದೇ ಕಂಡಕ್ಟರು ಬಂದು, ತಟ್ಟೆಯನ್ನು ಅನುಮಾನದಿಂದ ನೋಡಿ, ತುತ್ತು ಮುರಿದ. ನಾದಿನಿ ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತಿದ್ದಳು. ಆತ ಎರಡು ರೊಟ್ಟಿ ಮುಗಿಸಿ, ತಟ್ಟೆ ಮುಂದೆ ತಳ್ಳಿ, "ಇನ್ನಷ್ಟು ಬ್ಯಾಳಿ ಹಾಕ್ರಿ ಅಕ್ಕೋರೆ" ಎಂದ.

ನಾನು ಹೆಮ್ಮೆಯಿಂದ ಹಿಂದೆ ತಿರುಗಿದೆ. ಬಾಗಿಲ ಸಂದಿಯಲ್ಲಿ ಆಕೆ ಇರಲಿಲ್ಲ. ಒಳಗೆ ಒಲೆಯ ಪಕ್ಕ ನೆಲದ ಮೇಲೆ ಕುಳಿತು, ತಟ್ಟೆಯನ್ನೂ ತೆಗೆದುಕೊಳ್ಳದೆ, ಅಂಗೈ ಮೇಲಿನ ರೊಟ್ಟಿಗೆ ಬೇಳೆ ಹಾಕಿಕೊಂಡು ಗಬಗಬನೆ ಉಣ್ಣುತ್ತಿದ್ದಳು. ನಿನ್ನೆ ನನ್ನ ಫೋನ್ ಬಂದಾಗಿನಿಂದ ಆಕೆ ಏನೂ ಉಂಡಿರಲಿಲ್ಲ.