ಬೆಲೆಯಿಲ್ಲದ ನಾಣ್ಯಗಳು

ಕಲೂರಿನ ನಮ್ಮ ಬ್ಯಾಂಕಿಗೆ ಬಂದ ಮಲಯಾಳಿ ಅಕ್ಕನೊಬ್ಬರು, ಇಲ್ಲಿನ ಮಾತಲ್ಲಿ ಚೇಚಿ, ಮಖಮಲ್ಲಿನ ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲಿಟ್ಟರು. ತೀರಿಹೋದ ಅವರ ತಂದೆ ಯಾವುದೋ ಕಂಪನಿಯಿಂದ ತರಿಸಿಕೊಂಡಿದ್ದ ನಾಣ್ಯಗಳ ಸೆಟ್ಟು. ನಾಣ್ಯ ಕೂಡಿಡುವ ಹುಚ್ಚು ನನಗೆ ಚಿಕ್ಕಂದಿನಿಂದಲೂ ಇದೆ; ನೋಡಿದ ಕೂಡಲೇ ಗೊತ್ತಾಯಿತು.

“ಇವು ಚಲಾವಣೆಯ ಐದು, ಹತ್ತರ ನಾಣ್ಯಗಳೇ ಚೇಚಿ. ಮೇಲೆ ಚಿನ್ನದ ಬಣ್ಣ ಹಾಕಿದ್ದಾರೆ. ದುಡ್ಡು ತಗೊಂಡದ್ದು ಪೆಟ್ಟಿಗೆಗೆ,” ಎಂದೆ. ಅಳುತ್ತಾರೇನೋ ಎಂದುಕೊಂಡೆ.

ಅವರ ಮುಖ ಅರಳಿತು. “ಅದನ್ನೇ ಬರೆದುಕೊಡಿ ಸಾರ್. ಲಕ್ಷ ಬಾಳುತ್ತೆ, ಮಾರಿ ಹಂಚಿಕೊಳ್ಳೋಣ ಅಂತ ಅಣ್ಣ ಹಟ ಹಿಡಿದಿದ್ದಾನೆ. ನನಗಿದು ಅಪ್ಪನ ನೆನಪಿಗೆ ಬೇಕು.”

ಬ್ಯಾಂಕಿನ ಕಾಗದದಲ್ಲಿ ಹಾಗೆಲ್ಲ ಬರೆಯುವಂತಿಲ್ಲ. ನನ್ನದೇ ಹಾಳೆಯಲ್ಲಿ ಬರೆದು ಸಹಿ ಹಾಕಿಕೊಟ್ಟೆ. ಚೇಚಿ ಕೈಮುಗಿದರು. ಬೆಲೆಯಿಲ್ಲ ಎಂದು ಹೇಳಿ ನಾನು ಕೈಮುಗಿಸಿಕೊಂಡದ್ದು ಅದೊಂದೇ ಸಲ.