ತೊಳೆದ ಗಾಜಿನ ಎಳೆ

ಮನೆ ಬದಲಿಸಲು ಸಾಮಾನು ಕಟ್ಟುವಾಗ ಡ್ರಾಯರ್‌ನಲ್ಲಿ ಅಂಗೈಯಗಲದ ಕಪ್ಪು ಪ್ಲಾಸ್ಟಿಕ್ ಚೂರು ಸಿಕ್ಕಿತು. ಮುರಿದ ಅಂಚಿನಲ್ಲಿ ಗಾಜಿನ ಎಳೆಗಳು ನರೆಗೂದಲಿನಂತೆ ಎದ್ದು ನಿಂತಿವೆ. ಬೆರಳಿಗೆ ಚುಚ್ಚಿತು. ಜೋಗೇಶ್ವರಿಯ ಆ ಶೆಡ್, ಬಿಸಿ ಪ್ಲಾಸ್ಟಿಕ್ಕಿನ ವಾಸನೆ, ಕಾಕಾ...

ಅಲ್ಲಿ ಪ್ಲಾಸ್ಟಿಕ್ಕಿನ ಪದರಗಳ ನಡುವೆ ಗಾಜಿನ ಬಟ್ಟೆ ಇಟ್ಟು, ಕಾಯಿಸಿ ಒತ್ತಿ, ದೊಡ್ಡ ಫ್ಯಾನುಗಳಿಗೆ ಬ್ಲೇಡ್ ಮಾಡುತ್ತಿದ್ದರು. ನಾನು ಪಾಲಿಮರ್ ಓದಿ ಆಗಷ್ಟೇ ಸೇರಿದವಳು. ಕಾಕಾ ವಿಜಯಪುರದ ಕಡೆಯವರು, ಬ್ಲೇಡ್ ಒತ್ತುವ ಪ್ರೆಸ್ಸಿನ ಹಳೆಯ ಕೆಲಸಗಾರ. ಪ್ರತಿ ಬೆಳಿಗ್ಗೆ ಮೊದಲ ಬ್ಲೇಡನ್ನು ಮುರಿದು ಬಾಗಿಲ ಬೆಳಕಿಗೆ ಹಿಡಿಯುತ್ತಿದ್ದರು. ಎಳೆಗಳಿಗೆ ಪ್ಲಾಸ್ಟಿಕ್ ಮೆತ್ತಿಕೊಂಡಿದ್ದರೆ ಮಾತ್ರ ಅವರಿಗೆ ಚಹಾ ಇಳಿಯುತ್ತಿತ್ತು.

ಗಾಜಿನ ಬಟ್ಟೆ ಮುಟ್ಟಿದರೆ ಜಿಡ್ಡು ಜಿಡ್ಡು. ಸ್ವಚ್ಛ ಮಾಡಿದರೆ ಇನ್ನೂ ಚೆನ್ನಾಗಿ ಹಿಡಿದೀತೆಂದು ನಾನು ಒಂದು ದಿನ ಥಿನ್ನರಿನಲ್ಲಿ ತೊಳೆದು ಒಣಗಿಸಿ, ಬ್ಲೇಡ್ ಒತ್ತಿಸಿದೆ. ತಿಳಿದಾಗ ಕಾಕಾ ಹಣೆ ಚಚ್ಚಿಕೊಂಡರು.

“ಅದು ಹೊಲಸಲ್ಲ, ತಂಗಿ. ಗಾಜಿಗೂ ಪ್ಲಾಸ್ಟಿಕ್ಕಿಗೂ ಲಗ್ನ ಕೂಡಸೋ ದಲ್ಲಾಳಿ. ಅಂವನ್ನ ತೊಳದ ಹಾಕಿದಿಯಲ್ಲ!”

“ನಿಮಗೆ ಎಲ್ಲದರಲ್ಲೂ ಲಗ್ನವೇ, ಕಾಕಾ,” ಎಂದು ನಕ್ಕೆ. ಮುರಿದು ನೋಡಲೂ ಬಿಡದೆ ಬ್ಲೇಡುಗಳನ್ನು ನೇರ ಫ್ಯಾನಿಗೆ ಹಾಕಿಸಿದೆ. ವೇಗ ಅಳೆಯಲೆಂದು ಫ್ಯಾನಿನ ಕಾವಲು ಜಾಲರಿಯನ್ನೂ ತೆಗೆಸಿದ್ದೆ.

“ಹಂಗಾರ ಬಾಜೂಕ ನಿಲ್ಲಬ್ಯಾಡ. ಮುರದರ ಬಾಜೂಕ ಹಾರತೈತಿ.”

ಆದರೆ ಎದುರಿಗೆ ನಿಂತರೆ ಗಾಳಿಗೆ ನೋಟ್‌ಬುಕ್ಕಿನ ಹಾಳೆ ನಿಲ್ಲುತ್ತಿರಲಿಲ್ಲ. ಬರೆದುಕೊಳ್ಳಲು ಫ್ಯಾನಿನ ಪಕ್ಕಕ್ಕೆ, ಅದೇ ಬಾಜುವಿಗೆ ಸರಿದೆ. ಸದ್ದು ಏರುತ್ತಾ ಹೋಯಿತು... ಬೆನ್ನಿಗೆ ಕಾಕಾರ ಎರಡೂ ಕೈ ಬಿದ್ದವು. ನಾನು ನೆಲ ಮುಟ್ಟುವಷ್ಟರಲ್ಲಿ, ನನ್ನ ತಲೆ ಇದ್ದ ಎತ್ತರಕ್ಕೆ ಸರಿಯಾಗಿ ಬ್ಲೇಡೊಂದು ಶಟರ್‌ಗೆ ಬಡಿಯಿತು. ಆ ಶಬ್ದ ಇಂದಿಗೂ ಲೋಕಲ್ ರೈಲಿನಲ್ಲಿ ಕೂತಿರುವಾಗ ಸುಮ್ಮಸುಮ್ಮನೆ ಕೇಳಿಸುತ್ತದೆ.

ಕಾಕಾರ ಮೊಣಕೈ ತರಚಿ ರಕ್ತ ಸೋರುತ್ತಿತ್ತು. ಬೈಯಲಿಲ್ಲ. ಚೂರೊಂದನ್ನು ಹೆಕ್ಕಿ ನನ್ನ ಅಂಗೈಯಲ್ಲಿಟ್ಟರು. ಎಳೆಗಳೆಲ್ಲ ಬೋಳು, ಪ್ಲಾಸ್ಟಿಕ್ಕಿನ ಕಣವೂ ಅಂಟಿರಲಿಲ್ಲ.

“ನೋಡು, ಎಷ್ಟ ಸ್ವಚ್ಛ ಐತಿ!”

ನಾನು ಅಳತೊಡಗಿದೆ. ಅವರು ಚಹಾ ತರಿಸಿ, ಗ್ಲಾಸನ್ನು ತಾವೇ ಹಿಡಿದು ನನಗೆ ಕುಡಿಸಿದರು...

ಊರಿಗೆ ಹೋದ ಕಾಕಾ ತೀರಿಕೊಂಡದ್ದು ನನಗೆ ತಿಳಿದದ್ದು ತಿಂಗಳುಗಳ ಮೇಲೆ. ಶೆಡ್ ಇದ್ದಲ್ಲಿ ಈಗ ಬಿಲ್ಡಿಂಗ್ ಎದ್ದಿದೆ.

ಚೂರನ್ನು ಬಟ್ಟೆಯಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿದೆ. ಟೇಬಲ್ ಫ್ಯಾನ್ ತಿರುಗುತ್ತಿತ್ತು. ಅದರ ಬಾಜುವಿಗೇ ಕೂತಿದ್ದೇನೆಂದು ಆಗ ಗಮನಕ್ಕೆ ಬಂತು. ಈ ಸಲ ನಾನೇ ಎದ್ದು ಸರಿಯಬೇಕಾಯಿತು.