ಆಯುಧಪೂಜೆಯ ದಿನ ನಾನು ಬಿಗಿಯದೆ ಬಿಟ್ಟದ್ದು

ಚಂದ್ರು, ಆ ಕಾರು ಕೆಟ್ಟದ್ದು ನೀನು ಓಡಿಸಿದ ರೀತಿಯಿಂದಲ್ಲ. ಅದರ ಟೈಮಿಂಗ್ ಬೆಲ್ಟಿನ ಬಿಗಿತ ಹೊಂದಿಸುವ ಕೆಲಸವನ್ನು ಅರ್ಧಕ್ಕೆ ಬಿಟ್ಟವನು ನಾನು. ಬಿಟ್ಟಿದ್ದೇನೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೀಲಿಕೈಯನ್ನು ನಿನ್ನ ಕೈಗೆ ಕೊಟ್ಟೆ.

ಇದನ್ನು ನಿನಗೆ ಬಾಯಲ್ಲಿ ಹೇಳಿಯಾಗಿದೆ. ನೀನು ನಂಬಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ — ಬರೆದರೆ ನಂಬುವೆ ಎಂಬ ಭರವಸೆಯಿಂದಲ್ಲ. ಬೇರೆ ದಾರಿ ಉಳಿದಿಲ್ಲವೆಂದು.

ಮೈಸೂರು ರಸ್ತೆಯ ನಡುವೆ ಕೆಂಗೇರಿಯ ಕಡೆಗೆ ಮೆಟ್ರೋ ಕಂಬಗಳು ಏಳುತ್ತಿದ್ದ ವರ್ಷಗಳು ಅವು. ಅಮ್ಮ ರಾಜಾಜಿನಗರದಲ್ಲಿ ನನ್ನೊಂದಿಗಿದ್ದಳು. ಹಬ್ಬಕ್ಕೆಂದು ನೀನು ನಾಗರಬಾವಿಯಿಂದ ಬಂದಿದ್ದೆ. ನನ್ನ ಹಳೆಯ ಕಾರಿನಲ್ಲಿ, ಇಂಜಿನ್ನಿನ ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಆ ಹಲ್ಲಿನ ಬೆಲ್ಟು ಸವೆದಿತ್ತು. ಗ್ಯಾರೇಜಿಗೆ ಒಯ್ಯುವುದು ನನಗೆ ಅವಮಾನವೆನಿಸಿತ್ತು. ಕೈಪಿಡಿಯನ್ನು ಎರಡು ಸಲ ಓದಿದ್ದೆ, ಓದಿದ್ದೆಲ್ಲ ನನಗೆ ಬರುತ್ತದೆಂದು ನಂಬಿದ್ದೆ. ಮನೆಯ ಮುಂದಿನ ಕಾಂಪೌಂಡಿನಲ್ಲಿಯೇ ಮುಂಭಾಗ ಬಿಚ್ಚಿ ಹೊಸ ಬೆಲ್ಟು ಕೂರಿಸಿದೆ.

ನೀನು ಚೆಂಡುಹೂವಿನ ಮಾಲೆ ಹಿಡಿದು ಪಕ್ಕದಲ್ಲೇ ನಿಂತಿದ್ದೆ.

"ಅಣ್ಣ, ಗಾಡಿ ಸ್ಟಾರ್ಟ್ ಆಗುತ್ತೋ, ಇಲ್ಲ ನಾವೇ ತಳ್ಳಿಕೊಂಡು ನಿಂಬೆಹಣ್ಣು ಹತ್ತಿಸ್ಬೇಕೋ?"

"ಸಾವಿರ ವರ್ಷದ ಕಲ್ಲುಶಾಸನ ಓದ್ತೀನಿ ಕಣೋ. ಈ ಚಕ್ರದ ಮೇಲಿನ ಗೀಟು ಓದೋಕೆ ಬರಲ್ವಾ?"

ಗೀಟುಗಳನ್ನು ಸರಿಯಾಗಿಯೇ ಕೂಡಿಸಿದ್ದೆ. ತಪ್ಪಿದ್ದು ಆಮೇಲೆ. ಬೆಲ್ಟನ್ನು ಒತ್ತಿ ಹಿಡಿಯಲು ಒಂದು ಸಣ್ಣ ಗಾಲಿ ಇರುತ್ತದೆ. ಅದರ ಬೋಲ್ಟನ್ನು ಮೊದಲು ಸಡಿಲವಾಗಿಯೇ ಇಟ್ಟು, ಇಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಬೇಕು. ಬೆಲ್ಟಿನ ಸಡಿಲವೆಲ್ಲ ಆ ಗಾಲಿಯ ಕಡೆಗೆ ಬಂದ ಮೇಲೆ ಬೋಲ್ಟನ್ನು ಪೂರ್ತಿ ಬಿಗಿಯಬೇಕು. ನಾನು ಬೋಲ್ಟನ್ನು ಬೆರಳಿನಿಂದಷ್ಟೇ ತಿರುಗಿಸಿ ಬಿಟ್ಟಿದ್ದೆ. ಅಷ್ಟರಲ್ಲಿ ಸ್ಪ್ಯಾನರುಗಳು ಪೂಜೆಯ ಮಣೆ ಏರಿದವು. ಅರಿಸಿನ ಕುಂಕುಮ ಬಿದ್ದವು. ಪೂಜೆಗಿಟ್ಟ ಆಯುಧವನ್ನು ಆ ದಿನ ಮತ್ತೆ ಮುಟ್ಟುವುದು ನಮ್ಮ ಮನೆಯಲ್ಲಿಲ್ಲ. ಮುಚ್ಚಳ ಹಾಕಿದೆ. ಕಾರು ಸ್ಟಾರ್ಟ್ ಆಯಿತು, ನಿಂಬೆಹಣ್ಣಿನ ಮೇಲೆ ಹಾದು ಬೀದಿಯಲ್ಲಿ ಒಂದು ಸುತ್ತು ಬಂದಿತು. ನೀನು ಚಪ್ಪಾಳೆ ತಟ್ಟಿದೆ.

ಮರುದಿನ ಬೆಳಿಗ್ಗೆ ಕೆಂಗೇರಿಯಿಂದ ಫೋನು ಬಂತು. ದೊಡ್ಡಮ್ಮನಿಗೆ ಬಹಳ ಸೀರಿಯಸ್ಸು, ತಂಗಿಯನ್ನು ಕೇಳುತ್ತಿದ್ದಾರೆ. ಅಮ್ಮ ಉಟ್ಟ ಸೀರೆಯಲ್ಲೇ ಹೊರಟಳು. ನೀನು ಕೀಲಿಕೈಗಾಗಿ ಕೈ ಚಾಚಿದೆ. ಆಗ ನನಗೆ ಆ ಬೋಲ್ಟು ನೆನಪಾಯಿತು. ಚೆನ್ನಾಗಿಯೇ ನೆನಪಾಯಿತು. "ಇರು, ಆಟೋದಲ್ಲಿ ಹೋಗಿ" ಎಂದಿದ್ದರೆ ಸಾಕಿತ್ತು. ಆದರೆ ಹಿಂದಿನ ದಿನವಷ್ಟೇ ನಿನ್ನೆದುರು ಜಂಬ ಕೊಚ್ಚಿದ್ದ ಬಾಯಿ — ಕೆಂಗೇರಿ ಏನು ಮಹಾ ದೂರ, ಅಲ್ಲಿಯವರೆಗೆ ತಡೆಯುತ್ತದೆ ಎಂದುಕೊಂಡೆ. ಕೊಟ್ಟೆ.

ನಾಯಂಡಹಳ್ಳಿ ದಾಟುವಷ್ಟರಲ್ಲಿ ಇಂಜಿನ್ ನಿಂತುಹೋಯಿತು. ನೀನು ಮತ್ತೆ ಮತ್ತೆ ಸ್ಟಾರ್ಟ್ ಮಾಡಲು ನೋಡಿದೆ. ಅದು ಸಡಿಲ ಬೆಲ್ಟು ಚಕ್ರದ ಹಲ್ಲಿನಿಂದ ಜಾರಿದ ಇಂಜಿನ್. ಏನು ಮಾಡಿದರೂ ಬದುಕುವಂಥದ್ದಲ್ಲ. ಆಟೋ ಸಿಕ್ಕಿ ಅಮ್ಮ ಕೆಂಗೇರಿ ಮುಟ್ಟುವ ವೇಳೆಗೆ ದೊಡ್ಡಮ್ಮನ ಮುಖಕ್ಕೆ ಬಟ್ಟೆ ಹೊದಿಸಿದ್ದರು.

ಕಾರನ್ನು ಎಳೆಸಿಕೊಂಡು ಬಂದು ಕಾಂಪೌಂಡಿನಲ್ಲಿ ನಿಲ್ಲಿಸಿದ ಮೇಲೆ, ಯಾರೂ ಇಲ್ಲದ ವೇಳೆ ನೋಡಿ ಮುಚ್ಚಳ ತೆಗೆದೆ. ಬೋಲ್ಟು ಬೆರಳಿಗೇ ತಿರುಗಿತು. ಸ್ಪ್ಯಾನರ್ ತಂದು, ಕುಂಕುಮ ಇನ್ನೂ ಅಂಟಿದ್ದ ಸ್ಪ್ಯಾನರ್, ಅದನ್ನು ಬಿಗಿದೆ. ಆ ಬೋಲ್ಟನ್ನು ನಾನು ಸರಿಯಾಗಿ ಬಿಗಿದದ್ದು ಅದೊಂದೇ ಸಲ. ಮೆಕ್ಯಾನಿಕ್ ಬಂದು ನೋಡಿದರೆ ಏನೂ ಕಾಣಬಾರದೆಂದು.

ಸಂಜೆ ಅಮ್ಮ ಕೇಳಿದಳು, ಕಾರಿಗೆ ಏನಾಗಿತ್ತು ಎಂದು. ನೀನು ಬಾಗಿಲ ಬಳಿ ನಿಂತಿದ್ದೆ. ನಾನು ಹೇಳಿದೆ:

"ಇವನು ತುಳಿಯೋ ತುಳಿತಕ್ಕೆ ಯಾವ ಇಂಜಿನ್ ತಾನೇ ತಡ್ಕೊಳ್ಳುತ್ತೆ, ಬಿಡಮ್ಮ."

ಅಮ್ಮ ನಿನ್ನ ಕಡೆ ತಿರುಗಿದಳು. "ನಮ್ಮಕ್ಕ ಕಣ್ಣು ಬಿಟ್ಕೊಂಡು ಕಾಯ್ತಿದ್ಲಂತಲ್ಲೋ ಚಂದ್ರು. ಒಂದಿನ ನೆಟ್ಟಗೆ ಓಡಿಸೋಕೆ ಆಗ್ಲಿಲ್ವಾ ನಿಂಗೆ?"

ಅವಸರದಲ್ಲಿ ನಿಜವಾಗಿಯೂ ಜೋರಾಗಿ ಓಡಿಸಿದ್ದೆಯಲ್ಲ — ನಿನಗೂ ಅದೇ ಸರಿ ಎನಿಸಿರಬೇಕು. ಅಮ್ಮ ಆಮೇಲೆ ನಿನ್ನ ಗಾಡಿ ಹತ್ತಲಿಲ್ಲ. ನಿನ್ನ ಮನೆಯಲ್ಲಿ ಒಂದು ರಾತ್ರಿಯೂ ಉಳಿಯಲಿಲ್ಲ. ನೀನು ಕರೆಯಲು ಬಂದಾಗಲೆಲ್ಲ ಮಂಡಿನೋವು ಎನ್ನುತ್ತಿದ್ದಳು. ನನ್ನ ಜೊತೆ ಎಲ್ಲಿಗೆ ಬೇಕಾದರೂ ಬರುತ್ತಿದ್ದಳು. ಕಡೆಗೆ ನೀನು ಸ್ಟಿಯರಿಂಗ್ ಹಿಡಿಯುವುದನ್ನೇ ಬಿಟ್ಟೆ. ಹಾಗೆಯೇ ಅಮ್ಮ ಹೋಗಿಬಿಟ್ಟಳು.

ಇಷ್ಟು ವರ್ಷ ನನ್ನೊಳಗೆ ಒಂದು ಸಮಾಧಾನ ಇಟ್ಟುಕೊಂಡಿದ್ದೆ. ಅದು ಹೀಗಿತ್ತು: ಊಟವಾದ ಮೇಲೆ ನಾನು ಬೋಲ್ಟು ಬಿಗಿಯಲಿದ್ದೆ, ಅಮ್ಮ ಬಂದು "ರಾಹುಕಾಲ ಬಂದ್ಬಿಡುತ್ತೆ, ಸ್ಪ್ಯಾನರ್ ಕೊಡೋ" ಎಂದು ಅವಸರ ಮಾಡಿ ಕೈಯಿಂದ ಕಿತ್ತುಕೊಂಡಳು. ಅಮ್ಮನ ದನಿಯೂ ನನಗೆ ಕೇಳಿಸುತ್ತಿತ್ತು. ಇದನ್ನು ಬರೆಯಲು ಕುಳಿತಾಗ, ಶಾಸನಗಳ ಕಾಲ ನಿರ್ಣಯಿಸುತ್ತ ಕೂತವನ ಹಳೆಯ ಅಭ್ಯಾಸದಂತೆ, ಆ ವರ್ಷದ ಪಂಚಾಂಗ ಹುಡುಕಿಸಿ ತೆಗೆದೆ. ಆ ದಿನ ಮಂಗಳವಾರವೆಂದು ನೆನಪಿಟ್ಟಿದ್ದೆ. ಮಂಗಳವಾರ ರಾಹುಕಾಲ ಮಧ್ಯಾಹ್ನ ಮೂರಕ್ಕೆ. ಪಂಚಾಂಗದಲ್ಲಿ ಇರುವುದು ಬುಧವಾರ. ಇನ್ನೊಂದು ಪಂಚಾಂಗ ತರಿಸಿದೆ. ಅದರಲ್ಲಿಯೂ ಬುಧವಾರವೇ. ಬುಧವಾರ ರಾಹುಕಾಲ ಹನ್ನೆರಡಕ್ಕೆ ಹಿಡಿದು ಒಂದೂವರೆಗೆ ಮುಗಿಯುತ್ತದೆ. ನಾವು ಊಟಕ್ಕೆ ಎದ್ದದ್ದೇ ಎರಡರ ಮೇಲೆ. ವಾರದ ಏಳು ದಿನಗಳ ರಾಹುಕಾಲವನ್ನೂ ಬಾಯಿಪಾಠ ಇಟ್ಟುಕೊಂಡಿದ್ದ ಅಮ್ಮ ಆ ಮಾತನ್ನು ಆ ಹೊತ್ತಿನಲ್ಲಿ ಆಡಿರಲು ಸಾಧ್ಯವಿಲ್ಲ.

ತಿಥಿಯೂ ವಾರವೂ ಒಂದಕ್ಕೊಂದು ಕೂಡದ ಶಾಸನ ಸಿಕ್ಕರೆ, ಯಾರೋ ತಮ್ಮ ಅನುಕೂಲಕ್ಕೆ ಆಮೇಲೆ ಕೊರೆಸಿದ್ದೇ ಎಂದು ಮೊದಲು ಅನುಮಾನಿಸುತ್ತೇವೆ. ನನ್ನ ನೆನಪು ಅಂಥದ್ದು. ಅಮ್ಮ ಅವಸರ ಮಾಡಲಿಲ್ಲ. ಸ್ಪ್ಯಾನರುಗಳನ್ನು ಮಣೆಯ ಮೇಲೆ ಇಟ್ಟವನು ನಾನೇ ಇರಬೇಕು — ಬೇಸರವಾಗಿತ್ತೋ, ಸಾಕೆನಿಸಿತ್ತೋ. ನಿನ್ನ ಮೇಲೆ ಹೊರಿಸಿದ್ದು ಸಾಲದೆ, ಸತ್ತವಳ ಮೇಲೂ ಸ್ವಲ್ಪ ಹೊರಿಸಿದ್ದೆ.

ಕಳೆದ ತಿಂಗಳು ನಿನ್ನ ಮನೆಗೆ ಬಂದು ಎಲ್ಲವನ್ನೂ ಹೇಳಿದಾಗ ನೀನು ನಕ್ಕೆ. "ಅಣ್ಣ, ನನ್ನ ಸಮಾಧಾನಕ್ಕೆ ಅಂತ ಈ ವಯಸ್ಸಲ್ಲಿ ಸುಳ್ಳು ಹೇಳ್ಬೇಡ. ನಿಂಗೆ ಅದೂ ಬರಲ್ಲ. ನಾನು ತುಳಿದಿದ್ದು ನಂಗೆ ಗೊತ್ತಿಲ್ವಾ?" ನಿನ್ನ ಹೆಂಡತಿ ಕಾಫಿ ತಂದಿಟ್ಟು, "ಭಾವನೋರ ಮನಸ್ಸು ದೊಡ್ಡದು" ಎಂದಳು. ನಾನು ಕಾಫಿ ಕುಡಿದೆ. ಆ ಮಾತನ್ನು ಅಲ್ಲಗಳೆಯಲು ಬಾಯಿ ತೆರೆದಷ್ಟೂ ನನ್ನ ಮನಸ್ಸು ಇನ್ನೂ ದೊಡ್ಡದಾಗುತ್ತ ಹೋಯಿತು.

ಈಗ ತೋರಿಸಲು ನನ್ನಲ್ಲಿ ಏನೂ ಇಲ್ಲ. ಕಾರು ಗುಜರಿಗೆ ಹೋಗಿದೆ. ಬೋಲ್ಟು ಸಡಿಲವಿದ್ದದ್ದನ್ನು ನೋಡಿದವನು ನಾನೊಬ್ಬನೇ. ಅದನ್ನು ಅಳಿಸಿದವನೂ ನಾನೇ. ಈ ಬರಹವನ್ನು ನಮ್ಮ ಮನೆಯವರೆಲ್ಲರಿಗೂ ಓದಲು ಕೊಡುತ್ತೇನೆ. ಅವರೂ ನಿನ್ನಂತೆಯೇ ಓದುತ್ತಾರೆಂದು ತೋರುತ್ತದೆ. ಆದರೂ ಕೊಡುತ್ತೇನೆ.

ಅಮ್ಮ ನಿನ್ನನ್ನು ಕ್ಷಮಿಸದೆ ಹೋದಳೆಂದು ನೀನು ಇಂದಿಗೂ ಕೊರಗುತ್ತೀಯೆ. ಅವಳ ಕೊನೆಯ ತಿಂಗಳುಗಳಲ್ಲಿ ಹಾಸಿಗೆಯ ಪಕ್ಕ ದಿನವೂ ಕೂತಿದ್ದವನು ನಾನು. ಅವಳಿಗೆ ಕಿವಿ ಕೇಳಿಸುತ್ತಿತ್ತು, ಮಾತು ಅರ್ಥವಾಗುತ್ತಿತ್ತು. ನಾನು ಹೇಳಲಿಲ್ಲ.